ಮೂರ್ತಿ ಚಿಕ್ಕದು, ಬೆಲೆ ದೊಡ್ಡದು

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಬೆಲೆಯ ಮಾತನ್ನು ಎತ್ತಲಿಲ್ಲ. ಎತ್ತಬೇಕಾದ ಪ್ರಮೇಯವೂ ಅವರಿಗೆ ಇರಲಿಲ್ಲ. ಚಿನ್ನ, ಮುತ್ತು, ಕೇಸರಿ ಮುಂತಾದ ನಾಲ್ಕಾರು ವಸ್ತುಗಳನ್ನು ಬಿಟ್ಟರೆ, ಚಿಕ್ಕದಕ್ಕೆ ಚಿಕ್ಕ ಬೆಲೆ, ದೊಡ್ಡದಕ್ಕೆ ದೊಡ್ಡ ಬೆಲೆ ಎಂಬ ನ್ಯಾಯವೇ ಸಂತೆಯಲ್ಲಿ ನಡೆಯುತ್ತಿತ್ತು. ಸಣ್ಣ ಕೊಡಕ್ಕಿಂತ ದೊಡ್ಡ ಕೊಡಕ್ಕೆ ಹೆಚ್ಚು ತಾಮ್ರ ಬೇಕು. ಹೆಚ್ಚು ತಾಮ್ರಕ್ಕೆ ಹೆಚ್ಚು ಹಣ ಬೇಕು. ಇದನ್ನು ಅರಿಯಲು ಅರ್ಥಶಾಸ್ತ್ರವನ್ನು ಓದಬೇಕಾಗಿಲ್ಲ. ಆದರೆ ನಮ್ಮ ಕಾಲದ ಗಣಕಯಂತ್ರಗಳ ಅಂಗಡಿಗೆ ಕಾಲಿಟ್ಟವನಿಗೆ ಈ ನ್ಯಾಯ ತಲೆಕೆಳಗಾಗಿ ಕಾಣುತ್ತದೆ. ಒಂದೆಡೆ ಜನ ಸಿ.ಪಿ.ಯು. ಎಂದೇ ಕರೆಯುವ ಮೊಣಕಾಲೆತ್ತರದ ಪೆಟ್ಟಿಗೆ ನಿಂತಿರುತ್ತದೆ. ಅದರ ಮಗ್ಗುಲಲ್ಲಿ ಬುತ್ತಿಯ ಡಬ್ಬಿಯಷ್ಟು ಪುಟ್ಟ ಪೆಟ್ಟಿಗೆಯೊಂದು ಕುಳಿತಿರುತ್ತದೆ. ಎರಡೂ ಮಾಡುವ ಕೆಲಸ ಹೆಚ್ಚುಕಡಮೆ ಒಂದೇ. ಆದರೂ ಹಲವು ವೇಳೆ ಚಿಕ್ಕದರ ಬೆಲೆಯೇ ಹೆಚ್ಚು. ಈ ಹೆಚ್ಚಿನ ಹಣಕ್ಕೆ ನಮಗೆ ದೊರೆಯುವುದೇನು? ಅದು ಕೊಡತಕ್ಕ ಹಣವೆ? ಕನ್ನಡ ಬೋಧಿಸುವ ನನ್ನಂಥವನು ಈ ಪ್ರಶ್ನೆಗೆ ಕೈಹಾಕಲು ಕಾರಣವುಂಟು. ಅದನ್ನು ಮುಂದೆ ಅರಿಕೆ ಮಾಡುತ್ತೇನೆ.

ಗಣಕಯಂತ್ರ ಕುಗ್ಗುತ್ತ ಬಂದ ಕಥೆ ವಾಮನಾವತಾರದ ಕಥೆಯನ್ನು ಕೊನೆಯಿಂದ ಓದಿದಂತಿದೆ. ಇಲ್ಲಿ ತ್ರಿವಿಕ್ರಮನೇ ವಾಮನನಾಗಿದ್ದಾನೆ. 1950ರ ದಶಕದ ನಡುವಿನಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಇಂಗ್ಲೆಂಡಿನಿಂದ ಬಂದಿಳಿದ ಯಂತ್ರಕ್ಕೆ ಮೇಜು ಸಾಲದು, ಕೋಣೆಯೇ ಬೇಕಾಗಿತ್ತು. ಐವತ್ತು ವರ್ಷ ಕಳೆಯುವಷ್ಟರಲ್ಲಿ, 2005ರ ಜನವರಿಯಲ್ಲಿ, ಆಪಲ್ ಕಂಪೆನಿ ಮ್ಯಾಕ್ ಮಿನಿ ಎಂಬ ಪುಟ್ಟ ಗಣಕವನ್ನು 499 ಡಾಲರಿಗೆ ಮಾರಾಟಕ್ಕಿಟ್ಟಿತು. ಪರದೆ, ಕೀಲಿಮಣೆಗಳನ್ನು ಕೊಳ್ಳುವವನೇ ತಂದುಕೊಳ್ಳಬೇಕು. 2013ರ ಸುಮಾರಿಗೆ ಇಂಟೆಲ್ ಕಂಪೆನಿಯ 'ನಕ್' ಎಂಬ ಅಂಗೈಯಗಲದ ಪೆಟ್ಟಿಗೆಗಳು ಪೇಟೆಗೆ ಬಂದವು. ಹತ್ತು ವರ್ಷ ಮಾರಿದ ಮೇಲೆ, 2023ರ ಜುಲೈಯಲ್ಲಿ, ಇಂಟೆಲ್ ಆ ವ್ಯಾಪಾರವನ್ನು ಕೈಬಿಟ್ಟಿತು. ತೈವಾನಿನ ಏಸಸ್ ಕಂಪೆನಿ ಅದನ್ನು ವಹಿಸಿಕೊಂಡಿತು. ಲೆನೊವೊ, ಡೆಲ್, ಎಚ್.ಪಿ. ಕಂಪೆನಿಗಳು ಕಚೇರಿಗಳಿಗಾಗಿ ಒಂದು ಲೀಟರು ಗಾತ್ರದ ಪೆಟ್ಟಿಗೆಗಳನ್ನು ಮಾಡಿದವು. 2024ರ ನವೆಂಬರಿನಲ್ಲಿ ಬಂದ ಮ್ಯಾಕ್ ಮಿನಿಯಂತೂ 12.7 ಸೆಂಟಿಮೀಟರು ಚೌಕ, 5 ಸೆಂಟಿಮೀಟರು ಎತ್ತರ. ಭಾರತದಲ್ಲಿ ಆಗ ಅದರ ಆರಂಭದ ಬೆಲೆ 59,900 ರೂಪಾಯಿ ಇತ್ತು. ಅದರಲ್ಲಿ ಕಡತಗಳನ್ನು ಇಡುವ ಸ್ಥಳವನ್ನು 256ರಿಂದ 512 ಗಿಗಾಬೈಟಿಗೆ ಏರಿಸಿಕೊಂಡರೆ ಬೆಲೆ 79,900ಕ್ಕೆ ಜಿಗಿಯುತ್ತಿತ್ತು. ಅರೆ ಮನೆ ಕಟ್ಟಿದವನು ಇನ್ನೊಂದು ಗೂಡಿಗೆ ಇಪ್ಪತ್ತು ಸಾವಿರ ಕೇಳಿದಂತೆ!

ಚಿಕ್ಕದಕ್ಕೆ ಇಷ್ಟು ಬೆಲೆಯೇಕೆ? ಕಾರಣಗಳು ನಿಗೂಢವಲ್ಲ. ದೊಡ್ಡ ಪೆಟ್ಟಿಗೆಯೊಳಗೆ ಬಹುಪಾಲು ಇರುವುದು ಗಾಳಿ. ಆ ಗಾಳಿ ವ್ಯರ್ಥವಲ್ಲ. ಯಂತ್ರದ ಕಾವನ್ನು ಹೊತ್ತು ಹೊರಗೆ ಹಾಕುವುದು ಅದೇ. ಆ ಗಾಳಿಯನ್ನು ಕಸಿದುಕೊಂಡರೆ ಕಾವು ಕಡಮೆ ಹುಟ್ಟುವ, ಮಡಿಲಗಣಕಗಳಿಗೆಂದು ಮಾಡಿದ ನಾಜೂಕು ಬಿಡಿಭಾಗಗಳನ್ನೇ ಬಳಸಬೇಕು. ಇದ್ದಷ್ಟು ಕಾವನ್ನು ಹೊರದೂಡಲು ಜಾಣತನದ ಹಾದಿಗಳನ್ನು ಕಲ್ಪಿಸಬೇಕು. ದೊಡ್ಡ ಪೆಟ್ಟಿಗೆಯ ಭಾಗಗಳು ಎಲ್ಲ ಕಂಪೆನಿಗಳಿಗೂ ಹೊಂದುವ ಒಂದೇ ಅಳತೆಯವು, ಆದ್ದರಿಂದ ಅಗ್ಗ. ಪುಟ್ಟ ಪೆಟ್ಟಿಗೆಯ ಭಾಗಗಳು ಹಲವು ಸಲ ಆ ಒಂದು ಪೆಟ್ಟಿಗೆಗೆಂದೇ ಅಳೆದು ಹೊಲಿದ ಅಂಗಿಗಳು. ಹೊಲಿಗೆಯ ಕೂಲಿಯನ್ನು ಕೊಳ್ಳುವವನೇ ತೆರಬೇಕು. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಬೆಲೆಯನ್ನು ತಕ್ಕಡಿಯಲ್ಲಿ ತೂಗುವವರಿಲ್ಲ; ನೂಲಿಗೆ ಕೊಟ್ಟಂತೆಯೇ ನೇಯ್ಗೆಗೂ ಕೊಡುತ್ತೇವೆ. ಇಲ್ಲಿಯೂ ಹಾಗೆಯೇ.

ಆದುದರಿಂದ ಚಿಕ್ಕದಕ್ಕೆ ಹೆಚ್ಚು ಬೆಲೆ ಎಂಬುದು ಮೋಸವಲ್ಲ. ಆದರೆ ಮೋಸವಲ್ಲದ್ದೆಲ್ಲ ನಮಗೆ ಲಾಭವೂ ಅಲ್ಲ. ಬೆಂಗಳೂರಿನಲ್ಲಿ ಅಂಗಡಿ ಇಟ್ಟವನು ಚದರಡಿಯ ಲೆಕ್ಕದಲ್ಲಿ ಬಾಡಿಗೆ ತೆರುತ್ತಾನೆ. ಅಲ್ಲಿ ಮೇಜಿನ ಮೇಲೆ ಉಳಿದ ಒಂದಡಿ ಜಾಗಕ್ಕೂ ತಿಂಗಳು ತಿಂಗಳು ಬೆಲೆಯುಂಟು. ಆ ಊರಿನಲ್ಲಿ ಪುಟ್ಟ ಗಣಕಕ್ಕೆ ಕೊಟ್ಟ ಹೆಚ್ಚಿನ ಹಣ ಜಾಗದ ರೂಪದಲ್ಲಿ ಮರಳಿ ಬರುತ್ತದೆ. ಇದೇ ತರ್ಕವನ್ನು ನಮ್ಮ ಚಳ್ಳಕೆರೆ ಸೀಮೆಗೆ ತಂದರೆ ಏನಾಗುತ್ತದೆ?

ಇಲ್ಲಿಗೆ ನಾನು ಹೇಳಬೇಕಾದ ಕಾರಣ ಬಂದಿತು. ಚಳ್ಳಕೆರೆ ತಾಲ್ಲೂಕಿನ ನನ್ನಿವಾಳ ಮ್ಯಾಸನಾಯಕರ ಕಟ್ಟೆಮನೆಗಳಲ್ಲಿ ಒಂದೆಂದು ಹೆಸರಾದ ಊರು. ಆ ಊರಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪದವಿ ಮುಗಿಸಿ, ಕೆಲಸಕ್ಕಾಗಿ ಎರಡು ವರ್ಷ ಅಲೆದು, ಕಡೆಗೆ ಊರಿನಲ್ಲಿಯೇ ಒಂದು ಗಣಕದ ಅಂಗಡಿ ತೆರೆಯಲು ನಿಶ್ಚಯಿಸಿದ. 2001ರ ಹೊತ್ತಿಗೆ 'ಭೂಮಿ' ಯೋಜನೆ ಪಹಣಿಗಳನ್ನು ಗಣಕಕ್ಕೆ ಏರಿಸಿದಂದಿನಿಂದ ರೈತನ ಹೊಲದ ದಾಖಲೆ ಯಂತ್ರದ ಬಾಯಿಂದಲೇ ಬರಬೇಕು. ಬೆಳೆವಿಮೆ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಮಕ್ಕಳ ವಿದ್ಯಾರ್ಥಿವೇತನ, ಎಲ್ಲಕ್ಕೂ ಅದೇ ಬಾಗಿಲು. ಒಂದು ಅರ್ಜಿಗಾಗಿ ದಿನದ ಕೂಲಿ ಬಿಟ್ಟು, ಬಸ್ಸಿನ ಹಣ ಕೊಟ್ಟು ಚಳ್ಳಕೆರೆಗೆ ಹೋಗುವವರ ಕಷ್ಟವನ್ನು ಅವನು ಬಾಲ್ಯದಿಂದ ಕಂಡವನು. "ಸಾರ್, ಆ ಪುಟ್ಟ ಕಂಪ್ಯೂಟರ್ರೇ ತರಬೇಕು ಅಂತ ಇದ್ದೀನಿ. ಅದನ್ನು ನೋಡಿದರೇ ಜನಕ್ಕೆ ಒಂದು ನಂಬಿಕೆ ಬರುತ್ತೆ" ಎಂದ. ಅವನ ತಾಯಿ ಹತ್ತಿರವೇ ಇದ್ದರು. ಶೇಂಗಾ ಬೆಳೆ ಕೈಕೊಟ್ಟ ವರ್ಷ ಅದು; ಹಣ ಹುಟ್ಟಬೇಕಾದರೆ ಕುರಿಮರಿಗಳನ್ನು ಮಾರಿಯೇ ಹುಟ್ಟಬೇಕು. ಅವನ ಫೋನಿನಲ್ಲಿದ್ದ ಚಿತ್ರವನ್ನು ನೋಡಿ ಆ ತಾಯಿ, "ಒಂದು ಮರಿಯ ತೂಕವೂ ಇಲ್ಲವಲ್ಲ ಮೇಷ್ಟ್ರೇ, ಇದಕ್ಕೆ ಎಂಟು ಮರಿ ಮಾರಬೇಕಾ?" ಎಂದು ಕೇಳಿದರು.

ನಗುವಂಥ ಪ್ರಶ್ನೆಯಲ್ಲ ಅದು. ಎಂಟು ಮರಿಗಳೆಂದರೆ ಆ ಮನೆಯ ಮುಂದಿನ ವರ್ಷ. ನಾನು ಮಗನೊಡನೆ ಕುಳಿತು ಲೆಕ್ಕ ಹಾಕಲು ತೊಡಗಿದೆ.

ಮೊದಲನೆಯದು ಜಾಗ. ರಾಜ್ಯದಲ್ಲಿ ಅತಿ ಕಡಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಇಲ್ಲಿ ಬರ ಮಳೆಗೇ ಹೊರತು ಜಾಗಕ್ಕಲ್ಲ. ಸಾವಿರಾರು ಎಕರೆ ಅಮೃತಮಹಲ್ ಕಾವಲುಗಳಿದ್ದ ಸೀಮೆ ಇದು. ಅಂಗಡಿಗೆಂದು ಗೊತ್ತುಮಾಡಿದ್ದ ಅವರ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ದೊಡ್ಡ ಪೆಟ್ಟಿಗೆಗಳನ್ನು ಇಟ್ಟರೂ ಇನ್ನೂ ಹಾಸಿ ಮಲಗಬಹುದು. ಇಲ್ಲಿ ಜಾಗ ಉಳಿಸಲು ಹಣ ಕೊಡುವುದೆಂದರೆ ಕೆರೆಯ ದಂಡೆಯಲ್ಲಿ ನೀರು ಕೊಂಡಂತೆ.

ಎರಡನೆಯದು ವಿದ್ಯುತ್ತು. ದೊಡ್ಡ ಪೆಟ್ಟಿಗೆಗಿಂತ ಪುಟ್ಟದು ಸಾಮಾನ್ಯ ಕೆಲಸದಲ್ಲಿ ಐವತ್ತು ವಾಟು ಕಡಮೆ ಎಳೆಯುತ್ತದೆಂದು ಇಟ್ಟುಕೊಳ್ಳೋಣ. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ ಮುನ್ನೂರು ದಿನ ದುಡಿದರೆ 120 ಯೂನಿಟ್ ಉಳಿತಾಯ. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ 840 ರೂಪಾಯಿ. ಪುಟ್ಟದಕ್ಕೆ ಹದಿನೈದು ಸಾವಿರ ಹೆಚ್ಚು ಕೊಟ್ಟಿದ್ದರೆ ಅದು ಹಿಂದಿರುಗಲು ಹದಿನೇಳು ವರ್ಷಕ್ಕೂ ಮಿಕ್ಕಿ ಬೇಕು. ಅಷ್ಟು ಕಾಲ ಯಾವ ಗಣಕವೂ ಬಾಳುವುದಿಲ್ಲ. ಬಿಲ್ಲಿನ ಲೆಕ್ಕದಲ್ಲಿ ಚಿಕ್ಕದು ಸೋತಿತು.

ಆದರೆ ಹಳ್ಳಿಯಲ್ಲಿ ವಿದ್ಯುತ್ತಿನ ಬೆಲೆಗಿಂತ ದೊಡ್ಡ ಪ್ರಶ್ನೆ ವಿದ್ಯುತ್ತು ಇಲ್ಲದಿರುವ ಹೊತ್ತಿನದು. ಅಂಗಡಿಗಳಲ್ಲಿ ಬಳಸುವ ಸಣ್ಣ ಯು.ಪಿ.ಎಸ್.ನೊಳಗೆ ಹನ್ನೆರಡು ವೋಲ್ಟಿನ, ಏಳು ಆಂಪಿಯರ್-ಗಂಟೆಯ ಒಂದು ಬ್ಯಾಟರಿ ಇರುತ್ತದೆ. ದೊಡ್ಡ ಪೆಟ್ಟಿಗೆಯೂ ಪರದೆಯೂ ಸೇರಿ ನೂರು ವಾಟು ಎಳೆದರೆ ಅದು ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಕೈಚೆಲ್ಲುತ್ತದೆ. ಪುಟ್ಟ ಪೆಟ್ಟಿಗೆಯೂ ಪರದೆಯೂ ಸೇರಿ ನಲವತ್ತು ವಾಟಿನಲ್ಲಿ ನಡೆದರೆ ಅದೇ ಬ್ಯಾಟರಿ ಮುಕ್ಕಾಲು ಗಂಟೆ ದಾಟಿಸುತ್ತದೆ. ಅರ್ಜಿಯ ಕೊನೆಯ ದಿನ, ಹೊರಗೆ ಇಪ್ಪತ್ತು ಜನ ಸಾಲು ನಿಂತಿರುವಾಗ, ಈ ಅರ್ಧ ಗಂಟೆಗೆ ಬೆಲೆ ಕಟ್ಟಲಾದೀತೆ? ಜಾಗದ ಬಾಗಿಲಿನಿಂದ ಹೊರಗೆ ಹೋದ ಚಿಕ್ಕ ಗಣಕ ಬೆಳಕಿನ ಕಿಟಕಿಯಿಂದ ಒಳಗೆ ಬಂದಿತು.

ಮೂರನೆಯದು ದುರಸ್ತಿ. ದೊಡ್ಡ ಪೆಟ್ಟಿಗೆ ನಮ್ಮ ಎತ್ತಿನ ಗಾಡಿಯಂತೆ: ಕೀಲು ಮುರಿದರೆ ಕೀಲು, ಗಾಲಿ ಸವೆದರೆ ಗಾಲಿ. ಅದರ ಎಸ್.ಎಂ.ಪಿ.ಎಸ್. ಸುಟ್ಟರೆ ಚಳ್ಳಕೆರೆಯಲ್ಲಿ ಮಧ್ಯಾಹ್ನದೊಳಗೆ ಬೇರೆಯದನ್ನು ಹಾಕಿಸಿಕೊಂಡು ಬರಬಹುದು. ಬೇಸಗೆಯ ಧೂಳು ತುಂಬಿದರೆ ಮುಚ್ಚಳ ತೆಗೆದು ಕುಂಚದಿಂದ ಝಾಡಿಸಬಹುದು. 2024ರ ಮ್ಯಾಕ್ ಮಿನಿಯಲ್ಲಾದರೋ ಸ್ಮೃತಿಕೋಶ, ಎಂದರೆ ರ‍್ಯಾಮ್, ಮುಖ್ಯ ಚಿಪ್ಪಿನೊಡನೆಯೇ ಬೆಸೆದು ಬಂದಿದೆ. ಕೊಂಡ ದಿನ ಎಷ್ಟಿತ್ತೋ ಕಡೆಯ ದಿನವೂ ಅಷ್ಟೇ. ಕಚೇರಿಗಳ ಒಂದು ಲೀಟರಿನ ಪೆಟ್ಟಿಗೆಗಳು ಇವೆರಡರ ನಡುವಿನವು. ಅವುಗಳಲ್ಲಿ ಹೆಚ್ಚಿನವುಗಳ ರ‍್ಯಾಮನ್ನೂ ಕಡತಗಳ ಡಿಸ್ಕನ್ನೂ ಒಂದು ಸ್ಕ್ರೂಡ್ರೈವರಿನಿಂದ ಬದಲಿಸಬಹುದು.

ನಾಲ್ಕನೆಯದು ಕನ್ನಡ. ಇದು ನನ್ನ ಕ್ಷೇತ್ರವಾದ್ದರಿಂದ ಸ್ವಲ್ಪ ಒತ್ತಿ ಹೇಳುತ್ತೇನೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ, ಶೇಷಾದ್ರಿವಾಸು ಅವರ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ', ಇವುಗಳಿಂದ ಕನ್ನಡ ಗಣಕದಲ್ಲಿ ನೆಲೆಯೂರಿತು. ಹಳೆಯ ನುಡಿ ಅಕ್ಷರಗಳಲ್ಲಿ ಸಿದ್ಧವಾದ ಅರ್ಜಿಗಳೂ ಮಾದರಿ ಪತ್ರಗಳೂ ಇಂದಿಗೂ ಕೈಯಿಂದ ಕೈಗೆ ಬರುತ್ತವೆ; ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಗೀಚುಗಳಾಗಿ ಕಾಣುತ್ತವೆ. ನುಡಿ ರೂಪುಗೊಂಡದ್ದು ವಿಂಡೋಸ್‌ಗಾಗಿ. ಮ್ಯಾಕ್ ಯುನಿಕೋಡ್ ಕನ್ನಡವನ್ನು ಸೊಗಸಾಗಿಯೇ ತೋರಿಸುತ್ತದೆ. ಆದರೆ ಅರ್ಜಿಯ ಅಂಗಡಿಗೆ ಸೊಗಸಿಗಿಂತ ಬಳಕೆ ಮುಖ್ಯ.

ಐದನೆಯ ಮಾತು ಬಹಳ ಜನರ ಲಕ್ಷ್ಯಕ್ಕೆ ಬಾರದ್ದು. ಗಿರಾಕಿ ದುಡ್ಡು ಕೊಡುವುದು ಗಣಕಕ್ಕಲ್ಲ, ಅಚ್ಚಾಗಿ ಬಂದ ಕಾಗದಕ್ಕೆ. ಅಂಗಡಿಯ ದುಡಿಯುವ ಕೈ ಪ್ರಿಂಟರು. ಇದ್ದ ಹಣವನ್ನೆಲ್ಲ ಗಣಕಕ್ಕೆ ಸುರಿದು ಅಗ್ಗದ ಪ್ರಿಂಟರು ತಂದವನು ಕೊಂಬಿಗೆ ಕಳಸ ತೊಡಿಸಿ ಗೊರಸಿಗೆ ಲಾಳ ಕಟ್ಟಿಸದವನಂತೆ.

ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರ ಎತ್ತುಗಳನ್ನು ಸಾಕುವ ಸಂಪ್ರದಾಯವುಂಟು. ಕಿಲಾರಿಗಳು ಅವನ್ನು ಭಕ್ತಿಯಿಂದ ಕಾಯುತ್ತಾರೆ. ಅವುಗಳ ಹೆಗಲಿಗೆ ನೊಗ ಏರಿಸುವುದಿಲ್ಲ. ಅದು ಶ್ರದ್ಧೆಯ ಮಾತು, ಅದಕ್ಕೆ ತಕ್ಕ ಗೌರವ ಸಲ್ಲಬೇಕು. ಆದರೆ ಉಳುವ ಎತ್ತನ್ನು ಕೊಳ್ಳಲು ಹೋದವನು ದೇವರ ಎತ್ತನ್ನು ನೋಡುವ ಕಣ್ಣಿನಿಂದ ನೋಡುವುದಿಲ್ಲ. ನೋಡಿದೊಡನೆ ನಂಬಿಕೆ ಬರುವ ಯಂತ್ರ ಬೇಕೆಂದ ಹುಡುಗನಿಗೆ ನಾನು ಹೇಳಿದ್ದು ಇಷ್ಟೆ: "ನಿನಗೆ ಬೇಕಾದ್ದು ನೊಗ ಹೊರುವುದಪ್ಪ. ನಂಬಿಕೆ ಕೆಲಸದಿಂದ ತಾನಾಗಿ ಬರುತ್ತದೆ."

ಕಡೆಗೆ ಅವನು ಬೆಂಗಳೂರಿನ ಎಸ್. ಪಿ. ರಸ್ತೆಗೆ ಹೋಗಿ, ಕಚೇರಿಯೊಂದು ಬಳಸಿ ಬಿಟ್ಟ ಒಂದು ಲೀಟರಿನ ಪುಟ್ಟ ಗಣಕವನ್ನು ತಂದ. ಕೊಳ್ಳುವಾಗ ಒಂದು ಎಚ್ಚರ ವಹಿಸಬೇಕಾಗಿತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಯಂತ್ರವಾದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನದೋ ಅದಕ್ಕೂ ಈಚಿನದೋ ಆಗಿರಬೇಕು. ಆರನೆಯ, ಏಳನೆಯ ತಲೆಮಾರಿನ ಪೆಟ್ಟಿಗೆಗಳು ಅಗ್ಗವಾಗಿ ರಾಶಿ ಬೀಳಲು ಇದೂ ಒಂದು ಕಾರಣ, ಅಗ್ಗವೆಂದು ಮರುಳಾಗಬಾರದು. ಗಣಕ, ಪರದೆ, ಒಳ್ಳೆಯ ಪ್ರಿಂಟರು, ಯು.ಪಿ.ಎಸ್. ಎಲ್ಲವೂ ಆರು ಮರಿಗಳ ಹಣದಲ್ಲಿ ಬಂದವು. ಎರಡು ಮರಿಗಳು ಹಟ್ಟಿಯಲ್ಲಿಯೇ ಉಳಿದವು.

ಹಾಗಾದರೆ ಹೊಸ ಪುಟ್ಟ ಗಣಕಕ್ಕೆ ಹೆಚ್ಚು ಹಣ ಕೊಡುವವರೆಲ್ಲ ದಡ್ಡರೆ? ಖಂಡಿತ ಅಲ್ಲ. ನನ್ನದೇ ನಿದರ್ಶನ ಕೊಡುತ್ತೇನೆ. ಸಿರಿಯಜ್ಜಿಯಂಥ ಮಹಾಗಾಯಕಿ ಬಾಳಿದ ಸೀಮೆ ಇದು. ಇಲ್ಲಿನ ಹಟ್ಟಿಗಳಲ್ಲಿ ಧ್ವನಿಮುದ್ರಿಸಿಕೊಂಡ ಹಾಡುಗಳನ್ನು ರಾತ್ರಿಯ ಹೊತ್ತು ಕೇಳಿ ಬರೆದುಕೊಳ್ಳುವುದು ನನ್ನ ಹವ್ಯಾಸ. ಮುದುಕಿಯೊಬ್ಬಳ ಕ್ಷೀಣ ಕಂಠದಲ್ಲಿ ಒಂದು ಅಕ್ಷರ 'ಳ'ವೋ 'ಲ'ವೋ ಎಂದು ಕಿವಿಗೊಡುವಾಗ ಫ್ಯಾನಿನ ಗೊರಗೊರ ಸದ್ದು ಶತ್ರು. ಸುಮ್ಮನಿರುವಾಗ ಐದಾರು ವಾಟಿಗೆ ಮಿಕ್ಕದ, ಸದ್ದೇ ಕೇಳಿಸದ ಪುಟ್ಟ ಯಂತ್ರಕ್ಕೆ ನಾನು ಹೆಚ್ಚು ಹಣ ತೆತ್ತಿದ್ದೇನೆ. ಆ ಹಣ ನನಗೆ ದಕ್ಕಿದೆ. ನನಗೆ ವಿರಳವಾದದ್ದು ಮೌನ. ಹುಡುಗನಿಗೆ ವಿರಳವಾದದ್ದು ಬಂಡವಾಳ.

ಚಿಕ್ಕ ಗಾತ್ರದ ವ್ಯಾಮೋಹಕ್ಕೂ ಅಗ್ಗದ ಕನಸಿಗೂ ನಮ್ಮ ನಾಡು ಒಂದು ಪಾಠವನ್ನು ಆಗಲೇ ಕಂಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ವಿದ್ವಾಂಸರು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೊಡನೆ ಸೇರಿ 'ಸಿಂಪ್ಯೂಟರ್' ಎಂಬ ಕೈಗಣಕವನ್ನು ರೂಪಿಸಿ 2001ರಲ್ಲಿ ಲೋಕಕ್ಕೆ ತೋರಿಸಿದರು. ಸುಮಾರು ಒಂಬತ್ತು ಸಾವಿರ ರೂಪಾಯಿಗೆ ದೊರೆಯಬೇಕು, ಒಂದನ್ನು ಹಳ್ಳಿಯ ಹಲವರು ಹಂಚಿಕೊಂಡು ಬಳಸಬೇಕು, ಓದು ಬಾರದವರಿಗೆ ಅದು ಭಾರತೀಯ ಭಾಷೆಗಳಲ್ಲಿ ಓದಿ ಹೇಳಬೇಕು ಎಂಬ ಉದಾತ್ತ ಆಶಯ ಅದರದು. ಆದರೆ ಅದು ಕೆಲವೇ ಸಾವಿರ ಸಂಖ್ಯೆಯಲ್ಲಿ ಮಾರಾಟವಾಗಿ ಮರೆಗೆ ಸರಿಯಿತು. ಹೆಚ್ಚು ಸಂಖ್ಯೆಯಲ್ಲಿ ತಯಾರಾಗದೆ ಬೆಲೆ ಇಳಿಯದು. ಬೆಲೆ ಇಳಿಯದೆ ಹೆಚ್ಚು ಸಂಖ್ಯೆಯಲ್ಲಿ ಮಾರದು. ಅದೇ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಈಗ ನಮ್ಮ ತಾಲ್ಲೂಕಿನ ಕುದಾಪುರದಲ್ಲಿದೆ. ಅಲ್ಲಿ ಶಾಲಾ ಶಿಕ್ಷಕರು ವಿಜ್ಞಾನದ ತರಬೇತಿ ಪಡೆಯುತ್ತಾರೆ. ಹಳ್ಳಿಗೆ ತಕ್ಕ ಗಣಕ ಯಾವುದೆಂಬ ಪ್ರಶ್ನೆ ಅಷ್ಟು ಹತ್ತಿರದಲ್ಲಿ ಮತ್ತೊಮ್ಮೆ ಎದ್ದರೆ ಆಶ್ಚರ್ಯವಿಲ್ಲ.

ವಾಚಕರು ಯಾವ ಯಂತ್ರವನ್ನೇ ಕೊಳ್ಳಲಿ, ಅಂಗಡಿಯಲ್ಲಿ ಕೇಳುವ ಮೊದಲು ಮನೆಯಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ನಮ್ಮಲ್ಲಿ ಬರ ಯಾವುದಕ್ಕೆ? ಜಾಗಕ್ಕೋ, ಬೆಳಕಿಗೋ, ಮೌನಕ್ಕೋ, ಹಣಕ್ಕೋ? ಆ ಬರವನ್ನು ನೀಗುವ ಯಂತ್ರಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ನಷ್ಟವಿಲ್ಲ. ಇನ್ನೊಬ್ಬರ ಊರಿನ ಬರವನ್ನು ನೀಗಲು ಹುಟ್ಟಿದ ಯಂತ್ರಕ್ಕೆ ನಮ್ಮ ಮರಿಗಳನ್ನು ಮಾರಬೇಕಾಗಿಲ್ಲ.