ಕಂಬಳಿಯೊಂದೇ ಸಾಲದು: ಹಾಲೆಂಡಿನ ಚಳಿಗಾಲಕ್ಕೆ ಸಿದ್ಧತೆ

ಕೆಲಸದ ಮೇಲೆ ನೆದರ್‌ಲ್ಯಾಂಡ್ಸಿಗೆ ಹೊರಟ ಕನ್ನಡಿಗರು ಇಲ್ಲಿರುವ ನಮ್ಮನ್ನು ಕೇಳುವ ಮೊದಲ ಪ್ರಶ್ನೆ ಮನೆ ಬಾಡಿಗೆಯದು. ಎರಡನೆಯದು, "ಅಲ್ಲಿ ಹಿಮ ಎಷ್ಟು ಬೀಳುತ್ತೆ?" ಎಂಬುದು. ಹೀಗೆ ಕೇಳಿದವರು ನಮ್ಮ ಉತ್ತರಕ್ಕೂ ಕಾಯದೆ ಮನಾಲಿಗೆ ಹೊರಟವರಂತೆ ದಪ್ಪ ಕೋಟು, ಮಂಕಿ ಕ್ಯಾಪು, ನಾಲ್ಕು ಜೊತೆ ಉಲ್ಲನ್ ಕಾಲುಚೀಲ ಕೊಂಡುಬಿಟ್ಟಿರುತ್ತಾರೆ. ಇಲ್ಲಿಗೆ ಬಂದ ಮೊದಲ ನವೆಂಬರಿನಲ್ಲಿ ಹಿಮದ ಸುಳಿವೇ ಇರುವುದಿಲ್ಲ. ಬದಲಿಗೆ ಅಡ್ಡಡ್ಡಲಾಗಿ ಬಡಿಯುವ ಮಳೆ, ಛತ್ರಿಯನ್ನು ಉಲ್ಟಾ ಮಾಡುವ ಗಾಳಿ, ಸಂಜೆ ಐದಕ್ಕೇ ಕವಿಯುವ ಕತ್ತಲೆ. ಹತ್ತಿ ತುಂಬಿದ ಕೋಟು ನೆನೆದು ಮಣಭಾರವಾಗುತ್ತದೆ.

ಆದ್ದರಿಂದ ಮೊದಲೇ ಹೇಳಿಬಿಡುತ್ತೇವೆ. ಈ ದೇಶದ ಚಳಿಗಾಲದ ತೊಂದರೆ ಹಿಮದ ರಾಶಿಯಿಂದ ಬರುವುದು ಕಡಿಮೆ. ಸೊನ್ನೆ ಡಿಗ್ರಿಯ ಆಚೆ ಈಚೆ ಓಲಾಡುವ ಹವೆ, ಒದ್ದೆ, ಕತ್ತಲೆ ಮತ್ತು ಸದಾ ಮುಚ್ಚಿದ ಮನೆ, ಇವೇ ಹೆಚ್ಚು ಕಾಡುವುದು. ಸಿದ್ಧತೆಯೂ ಇವಕ್ಕೆ ತಕ್ಕಂತೆ ಇರಬೇಕು.

ಎಷ್ಟು ಚಳಿ?

ಬೆಂಗಳೂರಿನ ದಾಖಲೆಯ ಚಳಿ 1884ರ ಜನವರಿಯಲ್ಲಿ ಬಿದ್ದ 7.8 ಡಿಗ್ರಿ. ನೆದರ್‌ಲ್ಯಾಂಡ್ಸಿನ ದಾಖಲೆ 1942ರ ಜನವರಿ 27ರಂದು ವಿಂಟರ್‌ಸ್ವೈಕ್ ಊರಿನಲ್ಲಿ ಬಿದ್ದ ಮೈನಸ್ 27.4. ಇದನ್ನು ಓದಿ ಹೆದರಬೇಕಾಗಿಲ್ಲ. ದೇಶದ ಮಧ್ಯದಲ್ಲಿರುವ ಡೆ ಬಿಲ್ಟ್‌ನಲ್ಲಿ ಜನವರಿಯ ಸರಾಸರಿ ಉಷ್ಣತೆ ಸುಮಾರು 3ರಿಂದ 4 ಡಿಗ್ರಿ, ಅಂದರೆ ನಮ್ಮ ಮನೆಯ ಫ್ರಿಜ್ಜಿನಷ್ಟು. ಪಕ್ಕದ ಸಮುದ್ರ ದೇಶವನ್ನು ತೀರಾ ಹೆಪ್ಪುಗಟ್ಟಲು ಬಿಡುವುದಿಲ್ಲ, ಒಣಗಲೂ ಬಿಡುವುದಿಲ್ಲ. ಸಕಲೇಶಪುರದ ಆಷಾಢದ ಮಳೆಯನ್ನು ಫ್ರಿಜ್ಜಿನೊಳಗೆ ಇಟ್ಟರೆ ಹೇಗೋ ಹಾಗೆ ಎಂದರೆ ಊರಿನವರಿಗೆ ಬೇಗ ಅರ್ಥವಾಗುತ್ತದೆ.

ಇದರ ಮೇಲೆ ಗಾಳಿಯ ಲೆಕ್ಕ. ಉಷ್ಣಮಾಪಕ ಸೊನ್ನೆ ತೋರಿಸುತ್ತಿರುವಾಗ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಮುಖಕ್ಕೆ ಬಡಿದರೆ ಚರ್ಮಕ್ಕೆ ಮೈನಸ್ ಆರರಷ್ಟು ಚಳಿಯೆನಿಸುತ್ತದೆ. ಗಾಳಿಯ ವೇಗ 15 ಇದ್ದು, ಅದಕ್ಕೆದುರಾಗಿ ನಾವು 15ರ ವೇಗದಲ್ಲಿ ಸೈಕಲ್ ತುಳಿದರೂ ಅದೇ 30 ಆಗುತ್ತದೆ. ಸೈಕಲ್ಲಿನಲ್ಲೇ ಶಾಲೆ, ಆಫೀಸು, ಸಂತೆ ಎಲ್ಲ ನಡೆಯುವ ಈ ನಾಡಿನಲ್ಲಿ ಈ ಕೂಡುವ ಲೆಕ್ಕ ಮರೆಯುವಂತಿಲ್ಲ.

ಬಟ್ಟೆಬರೆ

ಮಲೆನಾಡಿನ ರೈತರು ಮಳೆಗಾಲದಲ್ಲಿ ಗದ್ದೆಗೆ ಹೋಗುವಾಗ ಕಂಬಳಿ ಕೊಪ್ಪೆ ಹಾಕಿಕೊಳ್ಳುತ್ತಿದ್ದರು. ಕುರಿ ಉಣ್ಣೆ ನೆನೆದರೂ ಬೆಚ್ಚಗಿರುತ್ತದೆ, ಹತ್ತಿ ನೆನೆದರೆ ಮೈಯ ಶಾಖವನ್ನೇ ಹೀರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಇಲ್ಲಿಯ ಸೂತ್ರವೂ ಅದೇ: ಮೂರು ಪದರ. ಮೈಗಂಟಿದಂತೆ ಥರ್ಮಲ್, ಅದರ ಮೇಲೆ ಉಣ್ಣೆಯ ಅಥವಾ ಫ್ಲೀಸಿನ ಸ್ವೆಟರ್, ಎಲ್ಲಕ್ಕೂ ಹೊರಗೆ ಗಾಳಿ ಮತ್ತು ನೀರನ್ನು ತಡೆಯುವ, ತಲೆಗವಸು ಇರುವ ಜಾಕೆಟ್. ಆಫೀಸು, ಅಂಗಡಿ, ರೈಲುಗಳ ಒಳಗೆ 20 ಡಿಗ್ರಿ ಇರುವುದರಿಂದ ಒಂದೇ ದಪ್ಪ ಕೋಟಿಗಿಂತ ಒಂದೊಂದಾಗಿ ಬಿಚ್ಚಬಹುದಾದ ಪದರಗಳೇ ಮೇಲು.

ಊರಿನಿಂದ ಥರ್ಮಲ್ ತನ್ನಿ, ಅಮ್ಮ ಹೆಣೆದ ಸ್ವೆಟರ್ ತನ್ನಿ. ಹೊರಜಾಕೆಟ್, ಮಳೆಪ್ಯಾಂಟು, ಬೂಟುಗಳನ್ನು ಮಾತ್ರ ಇಲ್ಲೇ ಕೊಳ್ಳಿ. ಇಲ್ಲಿಯ ಹವೆಗೆಂದೇ ಮಾಡಿದವು ಇಲ್ಲಿ ಸಿಗುತ್ತವೆ. ವರ್ಷಕ್ಕೊಂದು ಅಳತೆ ಬೆಳೆಯುವ ಮಕ್ಕಳಿಗೆ ಕ್ರಿಂಗ್‌ಲೋಪ್ ಎಂಬ ಹಳೆ ಸಾಮಾನಿನ ಅಂಗಡಿಗಳಲ್ಲಿ ಹಿಮದ ಉಡುಪು, ಬೂಟು ಅಗ್ಗಕ್ಕೆ ದೊರೆಯುತ್ತವೆ. ಚಳಿಗಾಲದಲ್ಲಿ ಬಂದಿಳಿಯುವವರು ಜಾಕೆಟ್ಟನ್ನು ದೊಡ್ಡ ಸೂಟ್‌ಕೇಸಿನಲ್ಲಿ ತುಂಬದೆ ಕೈಚೀಲದಲ್ಲೇ ಇಟ್ಟುಕೊಳ್ಳಿ.

ನೆಲ ಕನ್ನಡಿಯಾಗುವ ದಿನ

ಒತ್ತಿ ಹೇಳಬೇಕಾದ ಮಾತು ಇಲ್ಲಿದೆ. ಹೊಸದಾಗಿ ಬಿದ್ದ ಹಿಮದ ಮೇಲೆ ನಡೆಯುವುದು ಅಷ್ಟು ಕಷ್ಟವಲ್ಲ. ಡಚ್ಚರು ಐಝೆಲ್ ಎಂದು ಕರೆಯುವುದೇ ನಿಜವಾದ ಕಂಟಕ. ಮೇಲಿನ ಗಾಳಿಯ ಪದರ ಬೆಚ್ಚಗಿದ್ದು, ನೆಲದ ಹತ್ತಿರ ಸೊನ್ನೆಗಿಂತ ಕಡಿಮೆ ಇದ್ದಾಗ ಮೋಡದಿಂದ ಮಳೆಯಾಗಿಯೇ ಬಿದ್ದ ನೀರು ನೆಲ ಮುಟ್ಟಿದ ಕೂಡಲೇ ಗಾಜಿನಂತೆ ಹೆಪ್ಪುಗಟ್ಟುತ್ತದೆ. ನೋಡಿದರೆ ಬರೀ ಒದ್ದೆ ರಸ್ತೆ, ಕಾಲಿಟ್ಟರೆ ಜಾರುಬಂಡೆ.

ಮಳೆಯಿಲ್ಲದ ರಾತ್ರಿಯಲ್ಲೂ ಇಂಥದ್ದು ಆಗುತ್ತದೆ. ಆಕಾಶ ತಿಳಿಯಾಗಿದ್ದರೆ ನೆಲ ತನ್ನ ಶಾಖವನ್ನು ಬೇಗ ಕಳೆದುಕೊಳ್ಳುತ್ತದೆ. ಮೊಬೈಲು 2 ಡಿಗ್ರಿ ತೋರಿಸುತ್ತಿದ್ದರೂ ರಸ್ತೆಯ ಮೈ ಸೊನ್ನೆಗಿಂತ ಕೆಳಗಿರಬಹುದು. ಸೇತುವೆಗಳಿಗೆ ಅಡಿಯಿಂದಲೂ ಗಾಳಿ ತಗಲುವುದರಿಂದ ಅವು ಮೊದಲು ಹೆಪ್ಪುಗಟ್ಟುತ್ತವೆ. ಕಾಲುವೆಗಳ ಈ ದೇಶದಲ್ಲಿ ಸೇತುವೆ ದಾಟದೆ ಯಾರೂ ಮನೆ ಸೇರುವುದಿಲ್ಲ.

ಮುಖ್ಯ ರಸ್ತೆಗಳಿಗೂ ಮುಖ್ಯ ಸೈಕಲ್ ದಾರಿಗಳಿಗೂ ರಾತ್ರಿಯೇ ಉಪ್ಪು ಚೆಲ್ಲುತ್ತಾರೆ. ನಮ್ಮ ಮನೆ ಮುಂದಿನ ಓಣಿಗೆ ಅದು ಬಾರದಿರಬಹುದು. ಒಂದು ಚೀಲ ಉಪ್ಪನ್ನು ನವೆಂಬರಿನಲ್ಲೇ ತಂದಿಡಿ, ಹಿಮ ಬಿದ್ದ ದಿನ ಅಂಗಡಿಯಲ್ಲಿ ಅದು ಉಳಿದಿರುವುದಿಲ್ಲ. ಸೈಕಲ್ಲಿನವರು ಟಯರಿನ ಗಾಳಿ ತುಸು ಇಳಿಸಿ, ಸೀಟು ತಗ್ಗಿಸಿ, ಮುಂದಿನ ಬ್ರೇಕು ಗಟ್ಟಿಯಾಗಿ ಹಿಡಿಯದೆ, ತಿರುವಿನಲ್ಲಿ ವಾಲದೆ ಹೋಗಬೇಕು. ಐಝೆಲ್ ಎಂದು ಎಚ್ಚರಿಕೆ ಬಂದಿದ್ದರೆ ಸೈಕಲ್ ಮನೆಯಲ್ಲೇ ಇರಲಿ. ಬಿದ್ದು ಮಣಿಕಟ್ಟು ಮುರಿದುಕೊಂಡು ಆರು ವಾರ ಕೂರುವುದಕ್ಕಿಂತ ಒಂದು ದಿನ ಮನೆಯಿಂದ ಕೆಲಸ ಮಾಡುವುದು ಲೇಸು.

ಕಾರುಳ್ಳವರಿಗೂ ಒಂದು ಮಾತು. ಸುಮಾರು 7 ಡಿಗ್ರಿಗಿಂತ ಕೆಳಗೆ ಬೇಸಿಗೆ ಟಯರಿನ ರಬ್ಬರು ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಟಯರು ಇಲ್ಲಿ ಕಡ್ಡಾಯವಲ್ಲ. ಆದರೆ ಗಡಿ ದಾಟಿ ಜರ್ಮನಿಗೆ ಹೋದರೆ ಹಿಮ ಅಥವಾ ಮಂಜುಗಡ್ಡೆ ಇರುವ ರಸ್ತೆಯಲ್ಲಿ ಕಡ್ಡಾಯ. ಕ್ರಿಸ್‌ಮಸ್ ರಜೆಗೆ ಕಲೋನ್ ನೋಡಲು ಹೊರಡುವವರು ಟಯರಿನ ಮೇಲೆ ಮೂರು ಶಿಖರದ ಬೆಟ್ಟ ಮತ್ತು ಹಿಮದ ಹರಳಿನ ಗುರುತು ಇದೆಯೇ ನೋಡಿಕೊಳ್ಳಿ.

ಬಣ್ಣದ ಎಚ್ಚರಿಕೆಗಳು

ಇಲ್ಲಿಯ ಹವಾಮಾನ ಇಲಾಖೆ ಕೆ.ಎನ್.ಎಂ.ಐ. 1854ರಿಂದ ಇದೆ. ಅದು ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆ ಕೊಡುತ್ತದೆ. ಹಳದಿ ಎಂದರೆ ಜೋಪಾನ, ಕಿತ್ತಳೆ ಎಂದರೆ ಯೋಜನೆ ಬದಲಿಸಿ, ಕೆಂಪು ಎಂದರೆ ಸಾಧ್ಯವಾದಷ್ಟೂ ಹೊರಡಬೇಡಿ. 2021ರ ಫೆಬ್ರವರಿ 7ರಂದು ಹಿಮಗಾಳಿಯ ಕಾರಣ ದೇಶಕ್ಕೆಲ್ಲ ಕೆಂಪು ಎಚ್ಚರಿಕೆ ಬಂತು, ಎನ್.ಎಸ್. ರೈಲುಗಳು ಓಡಲೇ ಇಲ್ಲ. ಹಳಿ ಬದಲಾಗುವ ಜಾಗದಲ್ಲಿ ಹಿಮ ಕಟ್ಟಿಕೊಂಡರೆ ರೈಲು ಸಂಚಾರ ಬಹುಬೇಗ ಅಸ್ತವ್ಯಸ್ತವಾಗುತ್ತದೆ. ಇಂಥ ದಿನ ವಿಮಾನ ಹಿಡಿಯಬೇಕಾದವರು ಹಿಂದಿನ ರಾತ್ರಿಯೇ ಸುದ್ದಿ ನೋಡಿಕೊಳ್ಳಬೇಕು.

ಕತ್ತಲೆಗೂ ಸಿದ್ಧತೆ ಬೇಕು

ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಮರುದಿನದಿಂದಲೇ ಆಫೀಸು ಬಿಡುವ ಹೊತ್ತಿಗೆ ಮಬ್ಬುಗತ್ತಲೆ. ಡಿಸೆಂಬರ್ ಕೊನೆಯಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಬೆಳಗಾಗುವುದು ಸುಮಾರು ಎಂಟೂಮುಕ್ಕಾಲಿಗೆ, ಸೂರ್ಯ ಮುಳುಗುವುದು ನಾಲ್ಕೂವರೆಗೆ. ಬೆಂಗಳೂರಿನಲ್ಲಿ ಅದೇ ದಿನ ಹಗಲು ಹನ್ನೊಂದು ಗಂಟೆಗೂ ಹೆಚ್ಚು.

ಸೈಕಲ್ಲಿಗೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಕಾನೂನಿನಂತೆ ಕಡ್ಡಾಯ. ಇನ್ನೊಂದು ಕಣ್ಣಿಗೆ ಕಾಣದ ಕೊರತೆ ವಿಟಮಿನ್ ಡಿ. ಚಳಿಗಾಲದ ಇಲ್ಲಿಯ ಬಿಸಿಲು ಎಷ್ಟು ಓರೆಯೆಂದರೆ ಚರ್ಮ ಅದರಿಂದ ವಿಟಮಿನ್ ಡಿ ತಯಾರಿಸಲಾರದು; ನಮ್ಮಂಥ ಕಂದುಬಣ್ಣದವರಿಗಂತೂ ಇನ್ನೂ ಕಷ್ಟ. ಇಲ್ಲಿಯ ಆರೋಗ್ಯ ಮಂಡಳಿ ಕಂದು ಮೈಬಣ್ಣದವರಿಗೆ, ಗರ್ಭಿಣಿಯರಿಗೆ ಮತ್ತು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ 10 ಮೈಕ್ರೋಗ್ರಾಂ, 70 ದಾಟಿದವರಿಗೆ 20 ಮೈಕ್ರೋಗ್ರಾಂ ಸಲಹೆ ಮಾಡಿದೆ. ಬೇರೆ ಔಷಧಿ ತೆಗೆದುಕೊಳ್ಳುತ್ತಿರುವವರು ಮನೆವೈದ್ಯರನ್ನು ಕೇಳಿ ಶುರುಮಾಡಲಿ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ ಹೊರಗೆ ನಡೆದರೆ ಮನಸ್ಸಿಗೂ ಹಿತ.

ಮುಚ್ಚಿದ ಮನೆ

ಇಲ್ಲಿಯ ಮನೆಗಳನ್ನು ಶಾಖ ಸೋರದಂತೆ ಕಟ್ಟಿರುತ್ತಾರೆ. ಹಲವು ಮನೆಗಳಲ್ಲಿ ಸಿ.ವಿ. ಕೇಟೆಲ್ ಎಂಬ ಗ್ಯಾಸ್ ಬಾಯ್ಲರು ನೀರು ಕಾಯಿಸಿ ರೇಡಿಯೇಟರುಗಳಿಗೆ ಕಳಿಸುತ್ತದೆ. ಕಿಟಕಿ ತೆರೆದರೆ ಬಿಲ್ಲು ಏರುತ್ತದೆ ಎಂದು ನಾವು ಎಲ್ಲವನ್ನೂ ಮುಚ್ಚಿ, ಒಳಗೆ ಅನ್ನ, ಸಾರು, ಒಗ್ಗರಣೆ ಮಾಡಿ, ಒಗೆದ ಬಟ್ಟೆಯನ್ನೂ ಒಳಗೇ ಒಣಹಾಕುತ್ತೇವೆ. ಇಷ್ಟೂ ನೀರಾವಿ ಹೋಗುವುದೆಲ್ಲಿಗೆ? ತಣ್ಣನೆಯ ಗಾಜಿಗೂ ಗೋಡೆಯ ಮೂಲೆಗೂ ತಾಗಿ ನೀರಾಗುತ್ತದೆ. ಎರಡು ತಿಂಗಳಲ್ಲಿ ಬೀರುವಿನ ಹಿಂದೆ ಕಪ್ಪು ಬೂಷ್ಟು, ಮಕ್ಕಳಿಗೆ ಕೆಮ್ಮು. ಕಿಟಕಿಯ ಮೇಲಿನ ಗಾಳಿಕಿಂಡಿ ಸದಾ ತೆರೆದಿರಲಿ, ಅಡುಗೆ ಮಾಡುವಾಗ ಹೊಗೆಯಂತ್ರ ಹಾಕಿ, ದಿನಕ್ಕೊಮ್ಮೆ ಹತ್ತು ನಿಮಿಷ ಎರಡು ಬದಿಯ ಕಿಟಕಿ ತೆರೆಯಿರಿ. ಒಣಗಾಳಿಯನ್ನು ಕಾಯಿಸುವುದು ಒದ್ದೆ ಗಾಳಿಯನ್ನು ಕಾಯಿಸುವುದಕ್ಕಿಂತ ಸುಲಭ.

ಬಾಯ್ಲರನ್ನು ಕಾಲಕಾಲಕ್ಕೆ ತಪಾಸಣೆ ಮಾಡಿಸಿ. ಗ್ಯಾಸು ಸರಿಯಾಗಿ ಉರಿಯದಿದ್ದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. 2023ರ ಏಪ್ರಿಲ್‌ನಿಂದ ಇಂಥ ಬಾಯ್ಲರನ್ನು ಪ್ರಮಾಣಪತ್ರ ಪಡೆದ ಕಂಪನಿಗಳೇ ರಿಪೇರಿ ಮಾಡಬೇಕೆಂಬ ಕಾನೂನಿದೆ. 2022ರ ಜುಲೈನಿಂದ ಮನೆಯ ಪ್ರತಿ ಅಂತಸ್ತಿಗೂ ಹೊಗೆಯ ಅಲಾರಂ ಕಡ್ಡಾಯ. ಆದರೆ ಹೊಗೆಯ ಅಲಾರಂ ಮಾನಾಕ್ಸೈಡನ್ನು ಹಿಡಿಯುವುದಿಲ್ಲ. ಅದಕ್ಕೆ ಬೇರೆಯೇ ಅಲಾರಂ ಕೊಳ್ಳಬೇಕು.

ಬಾಣಂತನಕ್ಕೆ ಬರುವ ಅಮ್ಮಂದಿರು

ನಮ್ಮ ಅನೇಕ ಮನೆಗಳಲ್ಲಿ ಚಳಿಗಾಲದ ನಡುವೆಯೇ ಹೆರಿಗೆಯಾಗುತ್ತದೆ. ಹಾಸನದಿಂದಲೋ ದಾವಣಗೆರೆಯಿಂದಲೋ ಅಮ್ಮ ಬಾಣಂತನಕ್ಕೆ ಬರುತ್ತಾರೆ. ಜೊತೆಯಲ್ಲಿ ಕುಲಾವಿ, ಬಜೆ, ಸಾಂಬ್ರಾಣಿ ಎಲ್ಲ ಬರುತ್ತದೆ. ಇತ್ತ ಸರ್ಕಾರಿ ವ್ಯವಸ್ಥೆಯಂತೆ ಕ್ರಾಮ್‌ಝೋರ್ಖ್ ಎಂಬ ಆರೈಕೆಯ ದಾದಿ ಸುಮಾರು ಎಂಟು ದಿನ ಮನೆಗೇ ಬರುತ್ತಾಳೆ. ಕಿಟಕಿ ಮುಚ್ಚು ಎನ್ನುವ ಅಮ್ಮ, ಕಿಟಕಿ ತೆರೆ ಎನ್ನುವ ದಾದಿ, ನಡುವೆ ಹಸಿ ಬಾಣಂತಿ!

ಇಬ್ಬರ ಮಾತಿನಲ್ಲೂ ಅರ್ಥವಿದೆ. ಸೋರುವ ಹೆಂಚಿನ ಮನೆ, ತಣ್ಣನೆ ನೆಲ, ಬೀಸುವ ಗಾಳಿ ಇರುವಲ್ಲಿ ಮಗುವಿನ ತಲೆಗೆ ಕುಲಾವಿ, ಕಿವಿಗೆ ಬಟ್ಟೆ ಬೇಕೇ ಬೇಕು. ಇಲ್ಲಿ ಕೋಣೆಯೇ ಬೆಚ್ಚಗಿರುತ್ತದೆ. ಎಳೆಯ ಮಗು ಹೆಚ್ಚಿನ ಶಾಖವನ್ನು ತಲೆಯಿಂದಲೇ ಹೊರಹಾಕಬೇಕು. ಮಲಗಿದ್ದಾಗ ತಲೆ ಮುಚ್ಚಿದರೆ, ಮೇಲೆ ರಜಾಯಿ ಹೊದಿಸಿದರೆ ಮೈ ಅತಿಯಾಗಿ ಕಾದು ಜೀವಕ್ಕೇ ಅಪಾಯ. ಹಾಗಾಗಿಯೇ ಮಗುವನ್ನು ಅಂಗಾತ ಮಲಗಿಸಿ, ಎರಡು ವರ್ಷದವರೆಗೆ ರಜಾಯಿ ಬೇಡ, ಮನೆಯೊಳಗೆ ಟೋಪಿ ಹಾಕಿ ಮಲಗಿಸಬೇಡಿ ಎನ್ನುತ್ತಾರೆ. ಕತ್ತಿನ ಹಿಂಭಾಗ ಮುಟ್ಟಿ ನೋಡಿ: ಬೆಚ್ಚಗಿದ್ದರೆ ಸರಿ, ಬೆವರಿದ್ದರೆ ಒಂದು ಪದರ ತೆಗೆಯಿರಿ. ಹೊರಗೆ ಕರೆದೊಯ್ಯುವಾಗ ಅಮ್ಮ ಹೊಲಿದ ಕುಲಾವಿಯನ್ನು ಧಾರಾಳವಾಗಿ ಹಾಕಿ.

ಒಂದು ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ಎರೆದುಕೊಂಡ ಮೇಲೆ ಬಾಣಂತಿಗೂ ಮಗುವಿಗೂ ಕೆಂಡದ ಅಗ್ಗಿಷ್ಟಿಕೆಯಲ್ಲಿ ಕಾಯಿಸುವುದು, ಹೊಗೆ ಹಾಕುವುದು ಇಲ್ಲಿಯ ಮನೆಯಲ್ಲಿ ಖಂಡಿತ ಕೂಡದು. ಊರಿನ ಮನೆಯಲ್ಲಿ ಹೆಂಚಿನ ಸಂದಿಯಿಂದ ಹೋಗುವ ವಿಷಗಾಳಿ ಇಲ್ಲಿ ಕೋಣೆಯಲ್ಲೇ ಉಳಿಯುತ್ತದೆ. ಕೆಂಡ ಕೆಂಪಗಿದ್ದು ಹೊಗೆ ಕಾಣದಿದ್ದರೂ ಮಾನಾಕ್ಸೈಡು ಬರುತ್ತಲೇ ಇರುತ್ತದೆ. ಮನೆಯವರೆಲ್ಲರಿಗೂ ಒಟ್ಟಿಗೆ ತಲೆನೋವು, ವಾಕರಿಕೆ ಶುರುವಾದರೆ ಕೂಡಲೇ ಎಲ್ಲರೂ ಹೊರಗೆ ಬಂದು 112ಕ್ಕೆ ಕರೆಮಾಡಿ. ಬಿಸಿನೀರಿನ ಚೀಲ, ರೇಡಿಯೇಟರಿನ ಮೇಲೆ ಬೆಚ್ಚಗಾದ ಟವೆಲ್ಲು ಅದೇ ಸುಖ ಕೊಡುತ್ತವೆ ಎಂದು ಅಮ್ಮನಿಗೆ ನಿಧಾನವಾಗಿ ತಿಳಿಸಿ ಹೇಳಿ. ಕಾರಣ ಗೊತ್ತಾದರೆ ಅವರೇ ಒಪ್ಪುತ್ತಾರೆ.

ಹಿರಿಯರ ಓಡಾಟಕ್ಕೂ ಸ್ವಲ್ಪ ಗಮನವಿರಲಿ. ಸೀರೆಯೊಳಗೆ ಥರ್ಮಲ್ ಲೆಗ್ಗಿಂಗ್ಸ್, ಕಾಲಿಗೆ ಚಪ್ಪಲಿಯ ಬದಲು ಆಳವಾದ ಅಚ್ಚಿರುವ ರಬ್ಬರಿನ ಬೂಟು, ಜಾರುವ ದಿನ ಬೂಟಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ. ಸೊಂಟದ ಮೂಳೆ ಮುರಿದರೆ ಊರಿಗೆ ಮರಳುವ ಪ್ರಯಾಣವೇ ದೊಡ್ಡ ಸಂಕಟ. ಅವರ ಪ್ರವಾಸ ವಿಮೆಯ ಕಾಗದ ಕೈಗೆ ಸಿಗುವ ಕಡೆ ಇರಲಿ.

ಮಂಜುಗಡ್ಡೆಯ ಸಂಭ್ರಮ

ಡಚ್ಚರಿಗೆ ಚಳಿಗಾಲ ಬರೀ ಕಷ್ಟವಲ್ಲ. ಫ್ರೀಸ್‌ಲ್ಯಾಂಡಿನ ಹನ್ನೊಂದು ಊರುಗಳನ್ನು ಸುತ್ತುವ ಸುಮಾರು 200 ಕಿಲೋಮೀಟರ್ ಸ್ಕೇಟಿಂಗ್ ಪಂದ್ಯ, ಎಲ್ಫ್‌ಸ್ಟೇಡೆನ್‌ಟೊಖ್ಟ್, ಅವರಿಗೆ ದಸರೆಯಿದ್ದಂತೆ. ದಾರಿಯುದ್ದಕ್ಕೂ 15 ಸೆಂಟಿಮೀಟರ್ ದಪ್ಪದ ಗಡ್ಡೆ ಇರಬೇಕು. ಕೊನೆಯ ಬಾರಿ ನಡೆದದ್ದು 1997ರ ಜನವರಿ 4ರಂದು. 1963ರ ಪಂದ್ಯದಲ್ಲಿ ಚಳಿ, ಹಿಮಗಾಳಿಗೆ ಸಿಕ್ಕು ಬಹುಪಾಲು ಜನ ಅರ್ಧಕ್ಕೇ ಬಿಟ್ಟರು; ಗೆದ್ದ ರೇನಿಯರ್ ಪಾಪಿಂಗ್ ಹೆಸರು ಇಂದಿಗೂ ಮನೆಮಾತು.

ಕಾಲುವೆ ಹೆಪ್ಪುಗಟ್ಟಿತೆಂದು ಮಕ್ಕಳು ಕುಣಿಯುತ್ತಾರೆ. ಆದರೆ ಸೇತುವೆಯ ಕೆಳಗೆ, ಜೊಂಡಿನ ಪಕ್ಕ, ಬಾತುಕೋಳಿ ಈಜುವ ಜಾಗದ ಸುತ್ತ ಗಡ್ಡೆ ತೆಳುವಾಗಿರುತ್ತದೆ. ಅದರ ಮೇಲೆ ಹಿಮ ಬಿದ್ದರಂತೂ ದಡ ಎಲ್ಲಿ, ನೀರೆಲ್ಲಿ ಎಂದೇ ತಿಳಿಯದು. ಊರಿನ ಸ್ಕೇಟಿಂಗ್ ಸಂಘ ತೆರೆದ ಅಂಕಣದಲ್ಲೇ ಮಕ್ಕಳು ಆಡಲಿ. ಇಲ್ಲಿಯ ಈಜು ಡಿಪ್ಲೊಮಾಗೆ ಮಕ್ಕಳನ್ನು ಬಟ್ಟೆ ತೊಡಿಸಿಯೇ ಈಜಿಸುತ್ತಾರೆ. ಕಾಲುವೆಗಳ ನಾಡಿನಲ್ಲಿ ಅದು ಎಷ್ಟು ಅಗತ್ಯವೆಂದು ಇದರಿಂದಲೇ ತಿಳಿಯುತ್ತದೆ; ಬಂದ ವರ್ಷವೇ ಮಕ್ಕಳ ಹೆಸರು ನೋಂದಾಯಿಸಿ.

ಅಕ್ಟೋಬರ್ ಮುಗಿಯುವುದರೊಳಗೆ

1. ಸೈಕಲ್ ದೀಪ, ಬ್ರೇಕು, ಕಾರಿನ ಟಯರು ನೋಡಿಸಿ.
2. ಬಾಯ್ಲರಿನ ನೀರಿನ ಒತ್ತಡ ನೋಡಿ, ರೇಡಿಯೇಟರಿನಲ್ಲಿ ಸಿಕ್ಕಿಕೊಂಡ ಗಾಳಿ ಬಿಡಿ.
3. ಹಿತ್ತಲಿನ ನಲ್ಲಿಯನ್ನು ಒಳಗಿನಿಂದ ನಿಲ್ಲಿಸಿ, ಉಳಿದ ನೀರು ಹರಿಯಬಿಡಿ. ಇಲ್ಲವಾದರೆ ಹೆಪ್ಪುಗಟ್ಟಿ ಪೈಪು ಒಡೆಯುತ್ತದೆ.
4. ಮಾನಾಕ್ಸೈಡ್ ಅಲಾರಂ ಗುಂಡಿ ಒತ್ತಿ ಪರೀಕ್ಷಿಸಿ.
5. ಉಪ್ಪು, ಟಾರ್ಚು, ವಿಟಮಿನ್ ಡಿ, ಎರಡು ದಿನಕ್ಕಾಗುವ ಹಾಲು ಬೇಳೆ ಮನೆಯಲ್ಲಿರಲಿ.

ಕೊನೆಯದಾಗಿ, ನೆರೆಹೊರೆ. ಹಿಮ ಬಿದ್ದ ಬೆಳಿಗ್ಗೆ ನಿಮ್ಮ ಬಾಗಿಲ ಮುಂದೆ ಗುಡಿಸುವಾಗ ಪಕ್ಕದ ಮನೆಯ ಅಜ್ಜಿಯ ಬಾಗಿಲ ಮುಂದೆಯೂ ನಾಲ್ಕು ಸಲ ಪೊರಕೆ ಆಡಿಸಿ. ಹೊಸದಾಗಿ ಬಂದ ಕನ್ನಡದ ಕುಟುಂಬ ನಿಮ್ಮ ಊರಿನಲ್ಲಿದ್ದರೆ ಒಂದು ಫೋನ್ ಮಾಡಿ, ಮಕ್ಕಳಿಗೆ ಚಿಕ್ಕದಾದ ಜಾಕೆಟ್ಟು, ಬೂಟು ಕೊಟ್ಟುಬನ್ನಿ. ಬಿಸಿಬೇಳೆಬಾತಿನ ಪರಿಮಳ ಬರುವ ಮನೆಗೆ ಚಳಿ ಸ್ವಲ್ಪ ಹೆದರುತ್ತದೆ ಎಂಬುದು ನಮ್ಮೆಲ್ಲರ ಅನುಭವ. ಎಲ್ಲರಿಗೂ ಬೆಚ್ಚನೆಯ, ಜಾರದ ಚಳಿಗಾಲ ಸಿಗಲಿ ಎಂದು ಹಾರೈಸುತ್ತೇವೆ.