ನಿಂತುಹೋದ ಸೇನಾ ಲಾರಿಗೆ ಮತ್ತೆ ಉಸಿರು

ಹುಣಸೂರಿಗೂ ಸೇನೆಯ ಸಾಗಾಟಕ್ಕೂ ಇರುವ ನಂಟು ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸು ಸೈನ್ಯದ ಭಾರವನ್ನೆಳೆಯುತ್ತಿದ್ದ ಅಮೃತಮಹಲ್ ಎತ್ತುಗಳ ಆಡಳಿತ ಕೇಂದ್ರವು ಈ ಊರಿನಲ್ಲಿಯೇ ಇದ್ದಿತು. ಎತ್ತಿನ ಸ್ಥಾನಕ್ಕೆ ಮುಂದೆ ಎಂಜಿನು ಬಂದಿತು. 1959ರಲ್ಲಿ ಜಬಲ್ಪುರದಲ್ಲಿ ಭಾರತೀಯ ಸೇನೆಗಾಗಿ ‘ಶಕ್ತಿಮಾನ್’ ಲಾರಿಗಳ ತಯಾರಿಕೆ ಆರಂಭವಾಗಿ, 1996ರವರೆಗೂ ನಡೆಯಿತು. ಅದರ ವಿನ್ಯಾಸ ಜರ್ಮನಿಯ ಮಾನ್ ಸಂಸ್ಥೆಯದು. ರುಡಾಲ್ಫ್ ಡೀಸೆಲನು 1897ರಲ್ಲಿ ತನ್ನ ಎಂಜಿನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ್ದು ಇದೇ ಸಂಸ್ಥೆಯ ಪೂರ್ವರೂಪವಾದ ಆಗ್ಸ್‌ಬರ್ಗಿನ ಕಾರ್ಖಾನೆಯಲ್ಲಿ.

ಸೇನೆಯು ಹರಾಜು ಹಾಕಿದ ಇಂಥದೊಂದು ಲಾರಿ ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬ್ಯಾರನ್ನಿನ ಪಕ್ಕದಲ್ಲಿ ನಾಲ್ಕಾರು ಮಳೆಗಾಲ ನಿಂತಿದೆಯೆಂದು ಭಾವಿಸೋಣ. ಬ್ಯಾಟರಿ ಕಟ್ಟಿ ‘ಸೆಲ್ಫು’ ಹೊಡೆಯೋಣ, ಆಗದಿದ್ದರೆ ಟ್ರ್ಯಾಕ್ಟರಿನಿಂದ ಎಳೆಸೋಣ ಎಂಬುದು ಯಾರಿಗಾದರೂ ಮೊದಲು ಹೊಳೆಯುವ ಉಪಾಯ. ಅದು ಅತ್ಯಂತ ದುಬಾರಿಯ ಉಪಾಯವೂ ಆಗಬಹುದು. ಏಕೆಂಬುದನ್ನು ತಿಳಿಯಲು ಡೀಸೆಲ್ ಎಂಜಿನಿನ ಗುಟ್ಟನ್ನು ಸ್ವಲ್ಪ ನೋಡಬೇಕು.

ಪೆಟ್ರೋಲ್ ಎಂಜಿನಿನಲ್ಲಿ ವಿದ್ಯುತ್ ಕಿಡಿಯು ಬೆಂಕಿ ಹೊತ್ತಿಸುತ್ತದೆ. ಡೀಸೆಲ್ ಎಂಜಿನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಸಿಲಿಂಡರಿನೊಳಗೆ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯನ್ನು ಅದರ ಗಾತ್ರದ ಹದಿನಾರನೆಯ ಒಂದು ಪಾಲಿಗೆ ಒತ್ತಿದೆವೆನ್ನೋಣ. ಶಾಖವು ಒಂದಿಷ್ಟೂ ಹೊರಗೆ ಸೋರದಿದ್ದರೆ ಉಷ್ಣತೆಯು ಸುಮಾರು 635 ಡಿಗ್ರಿಗೆ ಏರುತ್ತದೆಂದು ಲೆಕ್ಕ ಹೇಳುತ್ತದೆ. ಡೀಸೆಲ್ ಎಣ್ಣೆಯು ತಾನಾಗಿ ಹೊತ್ತಿಕೊಳ್ಳಲು 250 ಡಿಗ್ರಿಯ ಆಸುಪಾಸು ಸಾಕು. ಆದರೆ ಎಂಜಿನು ನಿಧಾನವಾಗಿ ತಿರುಗಿದರೆ ಶಾಖವು ತಣ್ಣನೆಯ ಗೋಡೆಗಳಿಗೆ ಹರಿದುಹೋಗುತ್ತದೆ. ಸವೆದ ಉಂಗುರಗಳ ಸಂದಿನಿಂದ ಗಾಳಿಯೂ ನುಸುಳುತ್ತದೆ. ನಷ್ಟ ಮಿತಿಮೀರಿದರೆ ಉಷ್ಣತೆಯು ಹೊತ್ತುವ ಅಂಚನ್ನು ದಾಟಲಾರದು. ವೇಗವಾಗಿ ತಿರುಗಬೇಕು, ಬಿಗಿಯಾಗಿ ಒತ್ತಬೇಕು, ಎಣ್ಣೆ ಸಕಾಲದಲ್ಲಿ ಚಿಮ್ಮಬೇಕು: ಇವು ಮೂರೇ ಷರತ್ತುಗಳು.

ಆದುದರಿಂದ ಮೊದಲ ಪ್ರಶ್ನೆ, ಎಂಜಿನು ತಿರುಗುತ್ತದೆಯೆ ಎಂಬುದು. ಗೇರನ್ನು ತಟಸ್ಥವಾಗಿರಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಕ್ರ್ಯಾಂಕ್ ದಂಡವನ್ನು ಉದ್ದನೆಯ ಸನ್ನೆಯಿಂದ ಕೈಯಲ್ಲೇ ಮೆಲ್ಲನೆ ತಿರುಗಿಸಬೇಕು. ಅದಕ್ಕೆ ಮುನ್ನ ನಾಜಲ್‌ಗಳನ್ನು ಕಳಚಿಡುವುದು ಕ್ಷೇಮ. ಮಳೆನೀರು ಹೊಗೆ ಕೊಳವೆಯ ಮೂಲಕ ಸಿಲಿಂಡರಿಗೆ ಇಳಿದಿದ್ದರೆ, ಗಾಳಿಯಂತೆ ಅದು ಒತ್ತಡಕ್ಕೆ ಕುಗ್ಗುವುದಿಲ್ಲ. ಬಲವಂತ ಮಾಡಿದರೆ ಬಾಗುವುದು ಪಿಸ್ಟನ್ನಿನ ದಂಡ. ನಾಜಲ್ ಕಳಚಿದ್ದರೆ ನೀರು ರಂಧ್ರದಿಂದ ನಿರಪಾಯವಾಗಿ ಚಿಮ್ಮಿಹೋಗುತ್ತದೆ. ತುಕ್ಕಿನಿಂದ ಎಂಜಿನು ಜಾಮ್ ಆಗಿದ್ದರೆ ಅದೇ ರಂಧ್ರಗಳಿಂದ ತೆಳುವಾದ ಎಣ್ಣೆ ಹನಿಸಿ ಕೆಲವು ದಿನ ಕಾಯಬೇಕು. ಇಲ್ಲಿ ತೋಳ್ಬಲಕ್ಕಿಂತ ತಾಳ್ಮೆ ಹೆಚ್ಚು ಕೆಲಸ ಮಾಡುತ್ತದೆ.

ಮುಂದಿನದು ಇಂಧನ. ಟ್ಯಾಂಕಿನೊಳಗಿನ ತೇವಾಂಶ ಹನಿಗಟ್ಟಿ ತಳದಲ್ಲಿ ನೀರಾಗಿ ನಿಲ್ಲುತ್ತದೆ. ನೀರು ಮತ್ತು ಡೀಸೆಲ್ ಕೂಡುವೆಡೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಗಟ್ಟುತ್ತವೆ. ಟ್ಯಾಂಕನ್ನು ಬರಿದುಮಾಡಿ ತೊಳೆದು, ಫಿಲ್ಟರುಗಳನ್ನು ಬದಲಿಸದೆ ಮುಂದುವರಿಯಬಾರದು. ಎಣ್ಣೆಯನ್ನು ಒತ್ತಿ ಕಳುಹಿಸುವ ಪಂಪಿನಲ್ಲಿ ಕೊಂತಕ್ಕೂ ಅದರ ಕವಚಕ್ಕೂ ನಡುವಣ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ತಲೆಗೂದಲು ಅದಕ್ಕಿಂತ ಹತ್ತಾರು ಪಟ್ಟು ದಪ್ಪ. 1951ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮೈಕೋ ಕಾರ್ಖಾನೆ ಪ್ರಸಿದ್ಧವಾದುದು ಇಂಥ ನವುರಾದ ಕೆಲಸಕ್ಕೇ.

ಎಣ್ಣೆಯ ಕೊಳವೆಯಲ್ಲಿ ಸಿಕ್ಕಿಕೊಂಡ ಗಾಳಿಯೂ ತೊಡಕೇ. ಪಂಪು ತಳ್ಳಿದಾಗ ಗಾಳಿಯ ಗುಳ್ಳೆ ಕುಗ್ಗುತ್ತದೆ, ಬಿಟ್ಟಾಗ ಹಿಗ್ಗುತ್ತದೆ. ನಾಜಲ್ ತೆರೆಯುವಷ್ಟು ಒತ್ತಡ ಹುಟ್ಟುವುದೇ ಇಲ್ಲ. ಸಿಲಿಂಡರಿನೊಳಗೆ ಎಂಜಿನಿಗೆ ಜೀವ ಕೊಡುವ ಗುಣವೇ ಕೊಳವೆಯಲ್ಲಿ ಅದರ ಜೀವ ತೆಗೆಯುತ್ತದೆ. ಕೈಪಂಪು ಒತ್ತುತ್ತ, ಮೊದಲು ಫಿಲ್ಟರಿನಲ್ಲಿ, ಅನಂತರ ಪಂಪಿನಲ್ಲಿ ತಿರುಪು ಸಡಿಲಿಸಿ ಗುಳ್ಳೆಯಿಲ್ಲದ ಎಣ್ಣೆ ಬರುವವರೆಗೂ ಬಿಡುವುದನ್ನೇ ಮೆಕ್ಯಾನಿಕ್ಕರು ‘ಏರ್ ತೆಗೆಯುವುದು’ ಎನ್ನುತ್ತಾರೆ. ನಾಜಲ್ಲಿನಿಂದ ಚಿಮ್ಮುವ ಧಾರೆಗೆ ಮಾತ್ರ ಕೈಯೊಡ್ಡಲೇಬಾರದು; ಅದು ಚರ್ಮವನ್ನು ಭೇದಿಸಿ ಒಳಹೊಗಬಲ್ಲುದು.

ಇನ್ನು ವಿದ್ಯುತ್ತು. 24 ವೋಲ್ಟಿನ ಬ್ಯಾಟರಿಯಿಂದ ಸ್ಟಾರ್ಟರ್ ಮೋಟಾರು 400 ಆಂಪಿಯರ್ ಎಳೆಯುತ್ತಿರುವಾಗ, ತುಕ್ಕು ಹಿಡಿದ ಜೋಡಣೆಯ ರೋಧ ಕೇವಲ 0.01 ಓಂ ಇದ್ದರೂ 4 ವೋಲ್ಟು ಅಲ್ಲಿಯೇ ನಷ್ಟವಾಗುತ್ತದೆ. ಎಂಜಿನು ಕುಂಟುತ್ತ ತಿರುಗಿದರೆ ಹೊಸ ಬ್ಯಾಟರಿ ಕೊಳ್ಳುವ ಮುನ್ನ ತಂತಿಯ ತುದಿಗಳನ್ನು ಉಜ್ಜಿ ನೋಡುವುದು ಜಾಣತನ.

ಚಾಲನೆಗೆ ಮುನ್ನ ಕೊನೆಯದಾಗಿ ಒಂದು ಎಚ್ಚರಿಕೆ. ಪಂಪಿನೊಳಗೆ ಎಣ್ಣೆಯ ಪ್ರಮಾಣವನ್ನು ನಿಯಂತ್ರಿಸುವ ಕಡ್ಡಿಯೊಂದಿದೆ. ಅದು ತುಂಬು ಪ್ರಮಾಣದಲ್ಲಿ ತುಕ್ಕು ಹಿಡಿದು ನಿಂತಿದ್ದರೆ, ಎಂಜಿನು ಹೊತ್ತಿಕೊಂಡ ಮೇಲೆ ವೇಗ ಏರುತ್ತಲೇ ಹೋಗಿ ಸಿಡಿದುಹೋಗಬಹುದು. ಕಿಡಿಯಿಲ್ಲದ ಎಂಜಿನಿಗೆ ಕೀಲಿ ತೆಗೆದರೂ ಅದು ನಿಲ್ಲದು. ಆದುದರಿಂದ ಕಡ್ಡಿ ಸರಾಗವಾಗಿ ಜಾರುವುದನ್ನು ಕಣ್ಣಾರೆ ನೋಡಿರಬೇಕು. ಗಾಳಿ ಹೋಗುವ ಬಾಯಿಯನ್ನು ತಟ್ಟನೆ ಮುಚ್ಚಲು ಗಟ್ಟಿ ಹಲಗೆಯೊಂದು ಕೈಯಳತೆಯಲ್ಲಿರಬೇಕು. ಬಟ್ಟೆಯನ್ನಾಗಲಿ ಅಂಗೈಯನ್ನಾಗಲಿ ಒಡ್ಡುವುದು ಅಪಾಯ.

ಈಗ ಸೆಲ್ಫು ಹೊಡೆದು ಹೊಗೆಯನ್ನು ಗಮನಿಸೋಣ. ಹೊಗೆಯೇ ಇಲ್ಲದಿದ್ದರೆ ಎಣ್ಣೆ ತಲುಪಿಲ್ಲ. ಬಿಳಿ ಹೊಗೆ ಬಂದರೆ ಎಣ್ಣೆ ತಲುಪಿದೆ, ಶಾಖ ಸಾಲದು. ಹೊತ್ತಿದ ಬಳಿಕ ಕಪ್ಪು ಹೊಗೆ ಬಂದರೆ ಎಣ್ಣೆ ಹೆಚ್ಚು ಅಥವಾ ಗಾಳಿ ಕಡಿಮೆ. ಗಾಳಿಯ ಫಿಲ್ಟರಿನಲ್ಲಿ ಇಲಿ ಗೂಡು ಕಟ್ಟಿರಲೂಬಹುದು. ಎಂಜಿನು ಓಡತೊಡಗಿದೊಡನೆ ಎಣ್ಣೆಯೊತ್ತಡದ ಮುಳ್ಳು ಏಳಬೇಕು. ಏಳದಿದ್ದರೆ ತಕ್ಷಣ ನಿಲ್ಲಿಸಬೇಕು. ಓಡುವ ಎಂಜಿನಿಗಿಂತ ನಿಲ್ಲಿಸುವ ಬ್ರೇಕು ಮುಖ್ಯ. ಅದನ್ನು ಬಿಚ್ಚಿ ನೋಡುವವರೆಗೆ ಲಾರಿಯು ರಸ್ತೆಗೆ ಇಳಿಯಬಾರದು.

ಗುಜರಿಗೆ ಹಾಕಿದರೆ ಇಂಥ ಲಾರಿ ತೂಕದ ಬೆಲೆಯ ಕಬ್ಬಿಣ ಮಾತ್ರ. ಎಚ್.ಡಿ. ಕೋಟೆಯ ಕಾಡಂಚಿನ ಕೆಸರುದಾರಿಯಲ್ಲಾಗಲಿ ಕೆ.ಆರ್. ನಗರದ ಗದ್ದೆಬಯಲಿನ ಏರಿಯ ಮೇಲಾಗಲಿ, ಓಡುವಂತಾದರೆ ಒಂದು ಕುಟುಂಬದ ಅನ್ನ. ಇವೆರಡರ ನಡುವಣ ಅಂತರವು ಹೆಚ್ಚಿನ ಪಾಲು ಕೆಲಸದ ಕ್ರಮದಲ್ಲಿದೆ: ಮೊದಲು ಕೈಯಿಂದ ತಿರುಗಿಸಿ ನೋಡುವುದು, ಸೆಲ್ಫು ಹೊಡೆಯುವುದು ಎಲ್ಲಕ್ಕೂ ಕೊನೆಯಲ್ಲಿ.