ನಿಮಗಿದು ಗೊತ್ತೆ? ಪಾರ್ಕಿನ್ಸನ್ಸ್‌ಗೆ ತೈ ಚಿ, ಉಬ್ಬಸಕ್ಕೆ ಯೋಗ

ಚೀನಾದ ಹೆನಾನ್ ಪ್ರಾಂತದ ಚೆನ್ ಮನೆತನದಲ್ಲಿ ಸಮರಕಲೆಯಾಗಿ ಬೆಳೆದ ತೈ ಚಿ ಇಂದು ಬಹುಮಟ್ಟಿಗೆ ವ್ಯಾಯಾಮವಾಗಿ ಬಳಕೆಯಲ್ಲಿದ್ದು, 1956ರಲ್ಲಿ ರೂಪುಗೊಂಡ 24 ಭಂಗಿಗಳ ಸರಳ ಕ್ರಮವು ಹೆಚ್ಚು ಪ್ರಚಲಿತವಾಗಿದೆ. ಅಭ್ಯಾಸ ಮಾಡುವವರು ಮಂಡಿಯನ್ನು ತುಸು ಬಾಗಿಸಿ, ಬೆನ್ನನ್ನು ನೆಟ್ಟಗಿರಿಸಿ, ದೇಹದ ಭಾರವನ್ನೆಲ್ಲ ಒಂದು ಕಾಲಿಗೆ ತಂದು, ಹಗುರವಾದ ಇನ್ನೊಂದು ಪಾದದ ಹಿಮ್ಮಡಿಯನ್ನು ಮೊದಲು ಊರಿ, ಬಳಿಕ ಭಾರವನ್ನು ಅತ್ತ ಮೆಲ್ಲಗೆ ದಾಟಿಸುತ್ತಾರೆ. ಸಮತೋಲ ಪಳಗುವುದು ಈ ದಾಟುವಿಕೆಯಲ್ಲೇ.

ನಡುಕವನ್ನೂ ಸ್ನಾಯುಗಳ ಬಿಗಿತವನ್ನೂ ತರುವ ನರರೋಗವಾದ ಪಾರ್ಕಿನ್ಸನ್ಸ್ ಇದ್ದ 195 ಮಂದಿಯನ್ನು ಒಳಗೊಂಡು, ಅಮೆರಿಕದ ಆರೆಗನ್ ರಾಜ್ಯದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ ಎರಡು ಬಾರಿಯಂತೆ 24 ವಾರ ತೈ ಚಿ ಮಾಡಿದವರ ಸಮತೋಲ ಸುಧಾರಿಸಿತು. ಮೈ ಸಡಿಲಿಸುವ ವ್ಯಾಯಾಮ ಮಾಡಿದವರಿಗಿಂತ ಅವರು ಬಿದ್ದದ್ದೂ ಕಡಿಮೆ. ಬೀಳುವುದನ್ನು ತಡೆಯುವಲ್ಲಿ ಸ್ನಾಯುಬಲದ ವ್ಯಾಯಾಮಕ್ಕಿಂತ ಅದು ಮೇಲೆಂದು ಸಿದ್ಧವಾಗಲಿಲ್ಲ ಎಂಬುದನ್ನು ಮಾತ್ರ ಅದರ ಅಭಿಮಾನಿಗಳು ಹೇಳುವುದು ಅಪರೂಪ.

ನಿಧಾನ ಚಲನೆಯನ್ನು ಉಸಿರಿನೊಡನೆ ಹೊಂದಿಸುವ ಪದ್ಧತಿಗಳನ್ನು ವೈಜ್ಞಾನಿಕವಾಗಿ ಪರೀಕ್ಷಿಸುವ ಕೆಲಸ ಬೆಂಗಳೂರಿನಲ್ಲಿ ಬಹಳ ಮೊದಲೇ ನಡೆದಿತ್ತು. ಆರ್. ನಾಗರತ್ನ ಮತ್ತು ಎಚ್.ಆರ್. ನಾಗೇಂದ್ರ ಅವರು 53 ಉಬ್ಬಸ ರೋಗಿಗಳಿಗೆ ಎರಡು ವಾರ ಯೋಗ ಕಲಿಸಿ, ಅಷ್ಟೇ ಸಂಖ್ಯೆಯ ಇತರ ರೋಗಿಗಳೊಡನೆ ಹೋಲಿಸಿದಾಗ, ಯೋಗ ಮಾಡಿದವರಲ್ಲಿ ಉಬ್ಬಸದ ಬಾಧೆಯೂ ಔಷಧದ ಬಳಕೆಯೂ ಹೆಚ್ಚು ತಗ್ಗಿದವು. ಇದು 1985ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾಯಿತು.

ಹೆಬ್ಬಾಳ, ಯಲಹಂಕದ ಉದ್ಯಾನಗಳಲ್ಲಿ ತೈ ಚಿ ಆರಂಭಿಸಬಯಸುವ ಹಿರಿಯರು ಸಮತಟ್ಟಾದ ನೆಲವನ್ನು ಆರಿಸಿಕೊಳ್ಳಬೇಕು. ವೈದ್ಯರನ್ನು ಕೇಳದೆ ಔಷಧ ನಿಲ್ಲಿಸಬಾರದು.